ಎರಡು ಮಣಿ ‘ಹೆಚ್ಚಾಗ್ಯಾವ್ರಿ’: ಕೈಯಲ್ಲಿ ಮಾಡಿದ ಗಾಜಿನ ಮಣಿಗಳ ಒಂದು ಪ್ರಕರಣ

ಬೆಂಗಳೂರಿನ ಹೊರವಲಯದಲ್ಲಿ, ಮನೆಯ ಮಹಡಿ ಮೇಲೆ ಗಾಜಿನ ಮಣಿ ಮಾಡಿ, ಅವುಗಳಿಂದ ಸರ, ಓಲೆ ಕಟ್ಟಿ ಮಾರುವ ಒಬ್ಬರ ಪ್ರಕರಣ ಇದು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಗಾಗಿ ಇಲ್ಲಿ ಅವರು ಮಣಿಯಕ್ಕ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಗಾಜಿನ ವಿಷಯದಲ್ಲಿ ಮಾತ್ರ ಏನೂ ಬದಲಿಸಿಲ್ಲ.

ನಾನು ಈ ಕತೆಯೊಳಗೆ ಬಂದದ್ದು ನಡುವೆ. ನನ್ನದು ಪಿಂಗಾಣಿ ಕೆಲಸ. ನನ್ನ ಹತ್ತಿರ ಕರೆಂಟಿನ ಕಿಲ್ನ್, ಅಂದರೆ ಪಿಂಗಾಣಿ ಸುಡುವ ಗೂಡು, ಒಂದಿದೆ. ಅದನ್ನು ಬಾಡಿಗೆಗೆ ಕೇಳಿಕೊಂಡು ಅವರು ಬಂದರು. ಬಂದ ಮೇಲೆ ನಾನೂ ಒಂದು ತಪ್ಪು ಮಾಡಿದೆ, ಒಂದು ಕೆಟ್ಟ ಸಲಹೆಯನ್ನೂ ಕೊಟ್ಟೆ. ಎರಡನ್ನೂ ಬರೆಯುತ್ತೇನೆ.

ಬೆಂಕಿಯ ಮುಂದೆ

ಮಣಿಯಕ್ಕ ಮೊದಲು ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದರು. 2020ರ ಲಾಕ್‌ಡೌನಿನಲ್ಲಿ ಆ ಕೆಲಸ ಹೋಯಿತು. ಪೇಟೆಯಿಂದ ಮಣಿ ತಂದು ಓಲೆ ಕಟ್ಟಿ ಪರಿಚಯದವರಿಗೆ ಮಾರತೊಡಗಿದರು. ಎರಡೇ ತಿಂಗಳಲ್ಲಿ ಒಂದು ವಿಷಯ ಗೊತ್ತಾಯಿತು. ಸುತ್ತಮುತ್ತ ಓಲೆ ಕಟ್ಟುವ ಎಲ್ಲರೂ ಅದೇ ಅಂಗಡಿಯ ಅದೇ ಮಣಿ ತರುತ್ತಿದ್ದರು. ಇನ್ನು ಬೆಲೆ ಇಳಿಸುವುದೊಂದೇ ದಾರಿ. ಅದು ಬೇಡ ಅಂತ ಮಣಿಯನ್ನೇ ಮಾಡಲು ಹೊರಟರು.

ಮಾಡುವುದು ನೋಡಲು ಸರಳ. ಮೇಜಿಗೆ ಬಿಗಿದ, ಗ್ಯಾಸಿನ ಉರಿ ಚಿಮ್ಮುವ ಟಾರ್ಚ್. ಬಲಗೈಯಲ್ಲಿ ಗಾಜಿನ ಕೋಲು, ಎಡಗೈಯಲ್ಲಿ ಜೇಡಿಯಂಥ ಲೇಪ ಹಚ್ಚಿ ಒಣಗಿಸಿದ ಸ್ಟೀಲ್ ಕಡ್ಡಿ. ಕೋಲಿನ ತುದಿ ಕೆಂಪಾಗಿ, ಜೇನಿನ ಹಾಗೆ ಜಾರತೊಡಗಿದಾಗ ಅದನ್ನು ಕಡ್ಡಿಗೆ ತಾಗಿಸಿ ಸುತ್ತಬೇಕು. ಕಡ್ಡಿ ತಿರುಗುತ್ತಲೇ ಇರಬೇಕು. ಒಂದು ಕ್ಷಣ ನಿಂತರೂ ಮಣಿ ಒಂದು ಕಡೆಗೆ ಜೋತು ಬೀಳುತ್ತದೆ. ಬಿಸಿ ಗಾಜಿನಿಂದ ಸೋಡಿಯಂನ ಹಳದಿ ಉರಿ ಎದ್ದು ಕಣ್ಣಿಗೆ ಏನೂ ಕಾಣುವುದಿಲ್ಲ. ಡಿಡಿಮಿಯಂ ಕನ್ನಡಕ ಹಾಕಿದರೆ ಹಳದಿ ಮಾಯವಾಗಿ ಮಣಿ ಕಾಣುತ್ತದೆ. ಆರಿದ ಮೇಲೆ ಕಡ್ಡಿಯಿಂದ ಮಣಿ ಬಿಡಿಸಿ, ತೂತಿನಲ್ಲಿ ಉಳಿದ ಲೇಪವನ್ನು ನೀರಿನೊಳಗೇ ಉಜ್ಜಿ ತೆಗೆಯಬೇಕು. ಒಣಗಿದ್ದಾಗ ಉಜ್ಜಿದರೆ ಆ ಪುಡಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

ಅವರ ಸಾಮಾನು ಒಂದೊಂದಾಗಿ ಸೇರಿತು. ಮೊದಲು ಗ್ಯಾಸ್ ಮಾತ್ರ ಉರಿಯುವ ಸಣ್ಣ ಟಾರ್ಚ್. ಆಮೇಲೆ ಕೊರೋನಾ ಎರಡನೇ ಅಲೆಯಲ್ಲಿ ಯಾರೋ ಕೊಂಡು ಮೂಲೆಗೆ ತಳ್ಳಿದ್ದ ಆಕ್ಸಿಜನ್ ಕಾನ್ಸಂಟ್ರೇಟರ್ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಿತು. ಟಾರ್ಚಿನ ಉರಿಯ ಬಿಸಿ ಹೆಚ್ಚಿಸಲು ಅದು, ನಿಮಿಷಕ್ಕೆ 5 ಲೀಟರ್ ಆಕ್ಸಿಜನ್ ಕೊಡುವಂಥದು. ಮಣಿಯನ್ನು ನಿಧಾನವಾಗಿ ಆರಿಸಲು, ಬಿಸಿ ತಡೆಯುವ ಸೆರಾಮಿಕ್ ಫೈಬರ್ ಕಂಬಳಿ ಇತ್ತು. ಬಿಸಿ ಮಣಿಯನ್ನು ಅದರ ಮಡಿಕೆಯೊಳಗೆ ತೂರಿಸಿಟ್ಟರೆ ಮುಗಿಯಿತು ಅಂತ ಅವರು ಕಲಿತಿದ್ದರು.

ಅವರಿಗೆ ಹೆಸರು ತಂದದ್ದು ದೊಡ್ಡ ಕರಿಮಣಿ. ಪೇಟೆಯ ಕರಿಮಣಿ ಸಾಸಿವೆಗಿಂತ ಸ್ವಲ್ಪ ದಪ್ಪ ಇರುತ್ತದೆ, ಅಷ್ಟೆ. ಅಂಥದ್ದನ್ನು ಯಾರೂ ಒಂದೊಂದಾಗಿ ಸುತ್ತಿ ಮಾಡುವುದಿಲ್ಲ. ಗಾಜನ್ನು ಉದ್ದ ಕೊಳವೆಯಾಗಿ ಎಳೆದು, ಚೂರು ಚೂರು ಕತ್ತರಿಸಿ, ಮತ್ತೆ ಬಿಸಿ ತೋರಿಸಿ ಅಂಚು ನುಣುಪು ಮಾಡುತ್ತಾರೆ. ಆಂಧ್ರದ ಪಾಪನಾಯುಡುಪೇಟೆ ಈ ಎಳೆಯುವ ವಿದ್ಯೆಗೆ ಹೆಸರಾದ ಊರು. ಮಣಿಯಕ್ಕ ಮಾಡಿದ್ದು ಬೇರೆಯೇ: 11 ಮಿಲಿಮೀಟರ್ ದಪ್ಪದ ಕಪ್ಪು ಮಣಿ, ಮೇಲೆ ದಂತದ ಬಣ್ಣದ ಚುಕ್ಕಿ. ಗಿಡ್ಡ ಸರದಲ್ಲಿ ನಡುವೆ ಐದು ದೊಡ್ಡ ಮಣಿ, ಎರಡೂ ಕಡೆ ಪೇಟೆಯ ಸಣ್ಣ ಕರಿಮಣಿ. ದಿನಾ ಕೆಲಸಕ್ಕೆ ಹೋಗುವ ಹೆಂಗಸರಿಗೆ ಇದು ಬಹಳ ಹಿಡಿಸಿತು. ಏಳು ತಿಂಗಳಲ್ಲಿ 61 ಸರ ಹೋದವು.

ಕಪ್ಪು ಗಾಜು ಜಾಸ್ತಿ ಬೇಕಾಯಿತು. ಇಟಲಿಯಿಂದ ಬರುವ ಕೋಲು ದುಬಾರಿ. ಉತ್ತರ ಭಾರತದಿಂದ ಬಂದ ಕಪ್ಪು ಕೋಲಿನ ಕಟ್ಟೊಂದು ಅಗ್ಗಕ್ಕೆ ಸಿಕ್ಕಿತು. ಕಪ್ಪು ಅಲ್ಲಿಯದು, ಚುಕ್ಕಿ ಇಟಲಿಯದು. ಇಡೀ ಪ್ರಕರಣದ ಬೀಜ ಇದೇ. ಆದರೆ ಆಗ ಅದು ಯಾರಿಗೂ ಕಾಣಲಿಲ್ಲ.

ಅರ್ಥವಾಗದ ದೂರು

ಮೊದಲ ದೂರು ಧಾರವಾಡದ ಹಿರಿಯ ಗ್ರಾಹಕಿಯೊಬ್ಬರಿಂದ ಬಂತು. ವಾಟ್ಸಾಪಿನಲ್ಲಿ ಒಂದೇ ಸಾಲು: “ಅಕ್ಕಾರ, ಸರದಾಗ ಎರಡು ಮಣಿ ಹೆಚ್ಚಾಗ್ಯಾವ್ರಿ.”

ಮಣಿಯಕ್ಕ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. ಪೋಣಿಸುವಾಗ ಎಣಿಕೆ ತಪ್ಪಿರಬೇಕು ಅಂದುಕೊಂಡರು. “ಪರವಾಗಿಲ್ಲ ಅಮ್ಮ, ನಿಮ್ಮ ಹತ್ತಿರವೇ ಇರಲಿ” ಅಂತ ಕಳಿಸಿ, ಜೊತೆಗೆ ಒಂದು ನಗುಮುಖವನ್ನೂ ಹಾಕಿದರು.

ಬಳೆ, ತಾಳಿ, ಕರಿಮಣಿ ವಿಷಯದಲ್ಲಿ ‘ಒಡೆಯಿತು’ ಅನ್ನಬಾರದು ಅಂತ ಹಿರಿಯರು ‘ಹೆಚ್ಚಾಯ್ತು’ ಅನ್ನುವುದುಂಟು. ದೀಪ ಆರಿಸು ಅನ್ನದೆ ದೊಡ್ಡದು ಮಾಡು ಅಂದ ಹಾಗೆ. ಆ ತಾಯಿ ಹೇಳಿದ್ದು ಎರಡು ಮಣಿ ಒಡೆದವು ಅಂತ. ಈ ಕಡೆಯಿಂದ ಹೋದದ್ದು ನಗುಮುಖ. ಪಾಪ, ಅವರು ಮತ್ತೆ ಏನೂ ಬರೆಯಲಿಲ್ಲ. ಏಳು ವಾರ ಕಳೆದ ಮೇಲೆ ಅವರ ಮಗಳು ಫೋನ್ ಮಾಡಿ ಚೆನ್ನಾಗಿ ಬೈದಳು. ಆಗಷ್ಟೇ ವಿಷಯ ತಿಳಿಯಿತು.

ನಕ್ಕು ಮರೆಯುವ ಮಾತಲ್ಲ ಇದು. ಆ ಏಳು ವಾರದಲ್ಲಿ ಅದೇ ಕಟ್ಟಿನ ಕಪ್ಪಿನಿಂದ ಇನ್ನೂ 19 ಸರ ಹೊರಗೆ ಹೋಗಿದ್ದವು.

ದಾರದ ಮೇಲೆ ಅನುಮಾನ

ಆಮೇಲಿನ ತಿಂಗಳಲ್ಲಿ ಇನ್ನೂ ಮೂರು ದೂರು ಬಂದವು. ಒಂದರಲ್ಲಿ ಮಣಿ ಸೀಳಿತ್ತು. ಎರಡರಲ್ಲಿ ದಾರವೇ ಕಡಿದು ಸರ ಚೆಲ್ಲಾಪಿಲ್ಲಿ. ದಾರ ಕಡಿದದ್ದು ಎರಡು ಸಲ ಅಂದ ಮೇಲೆ ಅನುಮಾನ ದಾರದ ಮೇಲೇ ಹೋಯಿತು. ನೈಲಾನ್ ಬಿಟ್ಟು, ನೈಲಾನ್ ಹೊದಿಕೆಯ ಸ್ಟೀಲ್ ತಂತಿಗೆ ಬಂದರು. ಕಳಿಸುವ ಡಬ್ಬಿಗೆ ಇನ್ನೊಂದು ಸುತ್ತು ಬಬಲ್ ಹಾಳೆ ಸುತ್ತಿದರು. ಗ್ರಾಹಕರಿಗೆ ‘ಸ್ನಾನ ಮಾಡುವಾಗ ತೆಗೆದಿಡಿ’ ಅನ್ನುವ ಚೀಟಿಯೂ ಹೋಯಿತು. ನನಗೆ ಆ ಚೀಟಿ ಇಷ್ಟವಾಗಲಿಲ್ಲ. ಕರಿಮಣಿಯನ್ನು ದಿನಾ ತೆಗೆದಿಡಿ ಅಂತ ಯಾರಿಗೆ ಹೇಳಲಾಗುತ್ತದೆ?

ಪೇಟೆಯಲ್ಲಿ ಸರ ಪೋಣಿಸಿ ಕೊಡುವ ಒಬ್ಬ ಹಿರಿಯರಿದ್ದಾರೆ. ಅವರಿಗೆ ತೋರಿಸಿದಾಗ ಅವರು ಮಾತಾಡಲಿಲ್ಲ. ಮಣಿಯ ತೂತಿನಲ್ಲಿ ಹತ್ತಿ ದಾರ ತೂರಿಸಿ, ಎರಡೂ ತುದಿ ಹಿಡಿದು, ಗರಗಸದ ಹಾಗೆ ಹತ್ತು ಸಲ ಎಳೆದರು. ದಾರದ ಮೇಲೆ ನಯವಾದ ಜುಂಗು ಎದ್ದಿತು. “ನಿನ್ನ ಮಣಿ ದಾರ ಕಡೀತಿದೆಯಮ್ಮ” ಅಂದರು.

ಮಣಿ ಸುತ್ತುವಾಗ ಗಾಜು ಕಡಿಮೆಯಾದರೆ ಅದು ಕಡ್ಡಿಯ ಉದ್ದಕ್ಕೆ ತೆಳ್ಳಗೆ ಹರಡಿ, ತೂತಿನ ಬಾಯಿ ಚೂಪಾಗಿ ನಿಲ್ಲುತ್ತದೆ. ಗಾಜು ಸಾಕಷ್ಟಿದ್ದರೆ ಎರಡೂ ತುದಿ ಹೊಕ್ಕುಳಿನ ಹಾಗೆ ಒಳಕ್ಕೆ ಮಡಿಯುತ್ತದೆ, ದಾರಕ್ಕೆ ಅಂಚು ತಾಗುವುದೇ ಇಲ್ಲ. ಮಣಿಯಕ್ಕ ಇದನ್ನು ಒಂದೇ ವಾರದಲ್ಲಿ ತಿದ್ದಿಕೊಂಡರು. ಅಲ್ಲಿಂದ ಮುಂದೆ ದಾರ ಕಡಿದ ದೂರು ಬಂದಿಲ್ಲ.

ಆದರೆ ಅದೇ ದಿನ ಆ ಹಿರಿಯರು ಸೀಳಿದ ಮಣಿಯನ್ನು ಬೆಳಕಿಗೆ ಹಿಡಿದು ಇನ್ನೊಂದು ಮಾತು ಹೇಳಿದ್ದರು. “ಇದು ದಾರದ ಕೆಲಸ ಅಲ್ಲ. ಒಳಗಿಂದ ಸೀಳಿದೆ.” ಅದು ಮಣಿಯಕ್ಕನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ದಾರದ ಸಮಸ್ಯೆ ನಿಜವಾಗಿಯೂ ಇತ್ತು, ನಿಜವಾಗಿಯೂ ಬಗೆಹರಿಯಿತು. ಅರ್ಧ ಉತ್ತರ ಸರಿಯಾದಾಗ ಮನಸ್ಸು ಉಳಿದ ಅರ್ಧವನ್ನು ಹುಡುಕುವುದಿಲ್ಲ ಅಲ್ವಾ? ಮತ್ತೆ ಒಂದೂವರೆ ತಿಂಗಳು ಹೀಗೇ ಹೋಯಿತು.

ಕಂಬಳಿ, ಫ್ರಿಜ್, ಕಿಲ್ನ್

ಐದನೇ ದೂರಿನ ಮಣಿ ಗ್ರಾಹಕಿಯ ಬೀರುವಿನಲ್ಲಿ, ಡಬ್ಬಿಯೊಳಗೆ ಇದ್ದಾಗಲೇ ಸೀಳಿತ್ತು. ಬಿದ್ದಿಲ್ಲ, ಎಳೆದಿಲ್ಲ, ನೀರು ತಾಗಿಲ್ಲ. ಗ್ರಾಹಕರ ಕೈ ತಪ್ಪು ಅನ್ನುವ ವಾದ ಅಲ್ಲಿಗೆ ನಿಂತಿತು.

ಈಗ ಅನುಮಾನ ಆರಿಸುವ ರೀತಿಯ ಮೇಲೆ. ಗಾಜು ಆರುವಾಗ ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗೆ ಇನ್ನೂ ಬಿಸಿ ಇರುತ್ತದೆ. ಒಳಗಿನದು ಆಮೇಲೆ ಆರಿ ಕುಗ್ಗಲು ನೋಡುತ್ತದೆ, ಗಟ್ಟಿಯಾದ ಹೊರಮೈ ಬಿಡುವುದಿಲ್ಲ. ಆ ಎಳೆದಾಟ ಮಣಿಯೊಳಗೇ ಉಳಿದುಬಿಡುತ್ತದೆ. ಅದನ್ನು ಬಿಡಿಸಲು ಗಾಜನ್ನು ಒಂದು ಹದದ ಬಿಸಿಯಲ್ಲಿ ನಿಲ್ಲಿಸಿ, ನಿಧಾನವಾಗಿ ಇಳಿಸಬೇಕು. ಇದಕ್ಕೇ ಅನೀಲಿಂಗ್ ಅನ್ನುವುದು. ಕಂಬಳಿ ಮಣಿಯನ್ನು ತಕ್ಷಣ ಸಿಡಿಯದ ಹಾಗೆ ಕಾಯುತ್ತದೆ, ಅನೀಲ್ ಮಾಡುವುದಿಲ್ಲ. ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಒಂದೇ ವೇಗದಲ್ಲಿ ಆರಿಸಿದರೆ, ದಪ್ಪ ಎರಡರಷ್ಟಾದಾಗ ಒಳಗಿನ ಒತ್ತಡ ಸುಮಾರು ನಾಲ್ಕರಷ್ಟಾಗುತ್ತದೆ. ಸಾಸಿವೆಯಂಥ ಮಣಿಗೆ ನಡೆದದ್ದು 11 ಮಿಲಿಮೀಟರ್ ಮಣಿಗೆ ನಡೆಯುವುದಿಲ್ಲ.

ಮಣಿಯಕ್ಕ ಮೊದಲು ದಪ್ಪ ಕಂಬಳಿ ತಂದರು. ಆಮೇಲೆ ನರ್ಸರಿಯಿಂದ ವರ್ಮಿಕ್ಯುಲೈಟ್, ಅಂದರೆ ಗಿಡದ ಕುಂಡಕ್ಕೆ ಹಾಕುವ ಹಗುರವಾದ ಖನಿಜದ ಹರಳು, ತಂದು, ಬಾಣಲೆಯಲ್ಲಿ ಬಿಸಿ ಮಾಡಿ ಅದರೊಳಗೆ ಮಣಿ ಹೂತರು. ಪರೀಕ್ಷೆ ಅಂತ 40 ಮಣಿಗಳನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ನಲ್ಲಿ ನೀರಿಗೆ ಹಾಕಿದರು. 11 ಸೀಳಿದವು. ಆ ಹನ್ನೊಂದನ್ನು ಒಂದು ಬಟ್ಟಲಿನಲ್ಲಿ ಹಾಕಿಕೊಂಡು ನನ್ನ ಕಿಲ್ನ್ ಕೇಳಲು ಬಂದರು.

ನನ್ನ ತಪ್ಪು ಇಲ್ಲಿದೆ. ಅವರ ಇಟಲಿ ಗಾಜಿಗೆ 510 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅನೀಲ್ ಮಾಡಬೇಕು. ನಾನು ಕಿಲ್ನಿನಲ್ಲಿ 510 ಇಟ್ಟು, ಒಂದು ಗಂಟೆ ನಿಲ್ಲಿಸಿ, ಗಂಟೆಗೆ 60 ಡಿಗ್ರಿಯಂತೆ ಇಳಿಸಿದೆ. ಮಾರನೆಯ ದಿನ ಬಾಗಿಲು ತೆಗೆದರೆ ಪ್ರತಿ ಮಣಿಯ ಕೆಳಬದಿಯೂ ಚಪ್ಪಟೆ, ಅದರ ಮೇಲೆ ಕಿಲ್ನಿನ ಹಲಗೆಯ ಒರಟು ಗುರುತು. ಗಾಜು ಮೆತ್ತಗಾಗಿಬಿಟ್ಟಿತ್ತು.

ನಾವು ಪಿಂಗಾಣಿಯವರು 1200 ಡಿಗ್ರಿ ದಾಟಿಸಿ ಸುಡುವಾಗ ಒಳಗಿಟ್ಟ ಕೋನ್, ಅಂದರೆ ಇಂತಿಷ್ಟು ಬಿಸಿಗೆ ಮೆತ್ತಗಾಗುವ ಸಣ್ಣ ಗೋಪುರದಂಥ ತುಂಡು, ಬಾಗುವುದನ್ನು ನಂಬುತ್ತೇವೆ. ಮೀಟರನ್ನು ಅಷ್ಟಾಗಿ ನಂಬುವುದಿಲ್ಲ. ಹಾಗಾಗಿ ನನ್ನ ಮೀಟರ್ ಸುಳ್ಳು ಹೇಳುತ್ತಿದೆ ಅಂತ ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ. ಅದನ್ನು ಗಾಜಿನಿಂದಲೇ ಪತ್ತೆ ಮಾಡಿದೆವು. ಎರಡು ಇಟ್ಟಿಗೆ ಚೂರುಗಳ ಮೇಲೆ ತೆಳ್ಳನೆಯ ಗಾಜಿನ ಕಡ್ಡಿಯನ್ನು ಸೇತುವೆಯ ಹಾಗೆ ಇಟ್ಟು, ಬಿಸಿ ಏರಿಸುತ್ತಾ ಕಿಂಡಿಯಲ್ಲಿ ನೋಡುತ್ತಿದ್ದೆವು. ಕಡ್ಡಿಯ ನಡು ಜೋಲಲು ಶುರುವಾದಾಗ ಮೀಟರ್ 512 ತೋರಿಸುತ್ತಿತ್ತು. ಅನೀಲಿಂಗ್ ಅದಕ್ಕಿಂತ ಸುಮಾರು 25 ಡಿಗ್ರಿ ಕೆಳಗೆ ಆಗಬೇಕು. ಅಂದರೆ ನನ್ನ ಕಿಲ್ನಿನಲ್ಲಿ 487. ಪುಸ್ತಕದಲ್ಲಿ ಏನೇ ಇರಲಿ, ಆ ಕಿಲ್ನಿನ ಸತ್ಯ ಅದು.

ಎರಡನೇ ಸಲ ಒಂದೇ ಬಣ್ಣದ ಮಣಿಗಳು ಚೊಕ್ಕವಾಗಿ ಬಂದವು. ಫ್ರೀಜರ್ ಪರೀಕ್ಷೆಯಲ್ಲಿ ಒಂದೂ ಸೀಳಲಿಲ್ಲ. ಚುಕ್ಕಿಯ ಕರಿಮಣಿಗಳು ಮಾತ್ರ ಮತ್ತೆ ಸೀಳಿದವು. ಎರಡಂತೂ ಕಿಲ್ನಿನೊಳಗೇ ಎರಡು ಹೋಳಾಗಿ ಬಿದ್ದಿದ್ದವು.

ಬಿಲ್ಲಿನಂತೆ ಬಾಗಿದ ಎಳೆ

ಆ ದಿನ ನಾವು ಮಾಡಿದ್ದು ಮೊದಲ ದಿನವೇ ಮಾಡಬೇಕಿದ್ದ ಕೆಲಸ. ಸೀಳನ್ನು ಓದುವುದು. ಬಟ್ಟಲಿನ ಮಣಿಗಳನ್ನು ಬಿಳಿ ಹಾಳೆ ಮೇಲೆ ಹರಡಿ ಭೂತಗನ್ನಡಿ ಹಿಡಿದು ಕೂತೆವು. ಹಳೆಯ ಒಂದೆರಡು ಮಣಿಗಳಲ್ಲಿ ಸೀಳು ನೇರವಾಗಿ ಮಣಿಯನ್ನು ಹಾದು ಹೋಗಿತ್ತು. ಉಳಿದ ಎಲ್ಲದರಲ್ಲೂ ಅದು ಚುಕ್ಕಿಯ ಅಂಚಿನಿಂದ ಹೊರಟು, ಚುಕ್ಕಿಯನ್ನು ಬಳಸಿ ತಿರುಗಿತ್ತು. ಎರಡು ಗಾಜು ಕೂಡುವ ಗೆರೆಯಲ್ಲೇ.

ಗಾಜು ಬಿಸಿಗೆ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಎಲ್ಲ ಗಾಜೂ ಒಂದೇ ಅಳತೆಯಲ್ಲಿ ಅಲ್ಲ. ಮಣಿ ಮಾಡುವವರು ‘104ರ ಗಾಜು’, ‘90ರ ಗಾಜು’ ಅನ್ನುವುದು ಇದನ್ನೇ. 104ರ ಗಾಜಿನ ಒಂದು ಮೀಟರ್ ಕೋಲು 100 ಡಿಗ್ರಿ ಬಿಸಿಯೇರಿದರೆ 1.04 ಮಿಲಿಮೀಟರ್ ಹಿಗ್ಗುತ್ತದೆ. 90ರದು 0.9 ಮಿಲಿಮೀಟರ್. ಪ್ರಯೋಗಶಾಲೆಯ ಬೋರೋಸಿಲಿಕೇಟ್ ಗಾಜಾದರೆ 0.33 ಮಾತ್ರ. ಕೂದಲೆಳೆಯಷ್ಟು ವ್ಯತ್ಯಾಸ. ಆದರೆ ಒಂದೇ ಮಣಿಯಲ್ಲಿ ಕರಗಿ ಕೂಡಿದ ಎರಡು ಗಾಜು ಬೇರೆ ಬೇರೆ ಅಳತೆಯಲ್ಲಿ ಕುಗ್ಗಿದರೆ, ಕೊನೆಗೆ ಒಂದು ಇನ್ನೊಂದನ್ನು ಸೀಳುತ್ತದೆ. ಇದು ಅನೀಲಿಂಗಿನಿಂದ ಹೋಗುವ ರೋಗ ಅಲ್ಲ. ಹೊಂದದ ಗಾಜನ್ನು ಕಿಲ್ನಿನಲ್ಲಿ ಇಡೀ ದಿನ ಇಟ್ಟರೂ ಅಷ್ಟೆ.

ಅಗ್ಗದ ಕಪ್ಪು ಕೋಲಿನ ಮೇಲೆ ಯಾವ ಅಂಕಿಯೂ ಇರಲಿಲ್ಲ. ಅದಕ್ಕೊಂದು ಹಳೆಯ ಪರೀಕ್ಷೆ ಇದೆ, ಖರ್ಚು ಒಂದು ರೂಪಾಯಿಯೂ ಇಲ್ಲ. ಕಪ್ಪು ಮತ್ತು ದಂತದ ಬಣ್ಣದ ಎರಡು ತುಂಡುಗಳನ್ನು ಪಕ್ಕಪಕ್ಕ ಬೆಸೆದು, ಕಾಯಿಸಿ, ಚಿಮಟದಲ್ಲಿ ಹಿಡಿದು ಒಂದೇ ಎಳೆಯಾಗಿ ಎಳೆಯಬೇಕು. ತಿರುಚಬಾರದು, ಸುಮ್ನೆ ನೇರ ಎಳೆಯಬೇಕು. ಎಳೆಯ ಒಂದು ಬದಿ ಕಪ್ಪು, ಇನ್ನೊಂದು ಬದಿ ದಂತದ ಬಣ್ಣ. ಮಣಿಯಕ್ಕ ಒಂದು ಗೇಣಿನಷ್ಟು ಎಳೆದು ಮೇಜಿನ ಮೇಲೆ ಇಟ್ಟರು. ಇಟ್ಟಾಗ ನೇರವಾಗಿತ್ತು. ನಾವು ನೋಡುತ್ತಿದ್ದಂತೆ ಎರಡೂ ತುದಿ ಮೆಲ್ಲಗೆ ಮೇಲೆದ್ದವು. ಆರುವಷ್ಟರಲ್ಲಿ ಅದು ಬಿಲ್ಲಾಗಿತ್ತು. ಒಳಬದಿಯಲ್ಲಿ ಕಪ್ಪು. ಅಂದರೆ ಕಪ್ಪು ಗಾಜು ಜಾಸ್ತಿ ಕುಗ್ಗಿತ್ತು. ಇಟಲಿಯದೇ ಕಪ್ಪು ಮತ್ತು ದಂತದ ಬಣ್ಣ ಸೇರಿಸಿ ಇನ್ನೊಂದು ಎಳೆ ಎಳೆದರು. ಅದು ಸರಿಗೆಯ ಹಾಗೆ ನೇರ ನಿಂತಿತು. ತೆಳ್ಳಗಾದ ಕಡೆ ಅದರ ಕಪ್ಪು ಗಾಢ ನೇರಳೆಯಾಗಿ ಕಂಡಿತು. ಅದೊಂದು ಸೋಜಿಗ.

ಮಣಿಯಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದದ್ದು ಇಷ್ಟು: “ಐದು ನಿಮಿಷದ ಕೆಲಸ. ಹತ್ತು ತಿಂಗಳು ಮಾಡಲಿಲ್ಲ ನಾನು.”

ಕೋಲು ಮಾರಿದವರ ತಪ್ಪು ಇದರಲ್ಲಿ ಇಲ್ಲ. ಒಂದೇ ಬಣ್ಣದಲ್ಲಿ ಬಳಸಿದ್ದರೆ ಆ ಕೋಲು ಒಳ್ಳೆಯ ಗಾಜೇ. ಅದೇ ಅಂಗಡಿಯಿಂದ ಆಮೇಲೆ ಬಂದ ಇನ್ನೊಂದು ಕಟ್ಟಿನ ಎಳೆ ಬಹುತೇಕ ನೇರ ನಿಂತಿತು. ಕಟ್ಟಿನಿಂದ ಕಟ್ಟಿಗೆ ಗಾಜು ಬದಲಾಗುತ್ತದೆ. ಹಾಗಾಗಿ ಒಮ್ಮೆ ಪರೀಕ್ಷಿಸಿದರೆ ಸಾಲದು, ಪ್ರತಿ ಕಟ್ಟಿಗೂ ಬೇಕು.

ಯಾರಿಗೆ ಹೇಳುವುದು?

ಮಾಡಿದ್ದು ಯಾಕೆ ಒಡೆಯಿತು ಅಂತ ತಿಳಿಯಿತು. ಮಾರಿದ್ದನ್ನು ಏನು ಮಾಡುವುದು? ನನ್ನ ಕೆಟ್ಟ ಸಲಹೆ ಇಲ್ಲಿ ಬರುತ್ತದೆ. “ದೂರು ಕೊಟ್ಟವರಿಗೆ ಬದಲಿಸಿ ಕೊಡಿ ಅಕ್ಕ, ಸುಮ್ಮನಿರುವವರನ್ನು ಯಾಕೆ ಎಬ್ಬಿಸ್ತೀರಿ” ಅಂದೆ. ವ್ಯಾಪಾರದ ಮಾತು ಅಂದುಕೊಂಡೇ ಹೇಳಿದ್ದೆ.

ಅವರು ಒಪ್ಪಲಿಲ್ಲ. “ಓಲೆ ಆಗಿದ್ದರೆ ನೀವು ಹೇಳಿದ ಹಾಗೇ ಮಾಡ್ತಿದ್ದೆ. ಇದು ಕರಿಮಣಿ. ಒಡೆದ ದಿನ ಆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿದ್ದರೂ ಅದನ್ನು ಸೊಸೆಯ ತಲೆಗೇ ಕಟ್ತಾರೆ. ನನ್ನ ಗಾಜಿನ ತಪ್ಪಿಗೆ ಅವಳು ಯಾಕೆ ಮಾತು ಕೇಳಬೇಕು?”

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಅವರ ಹಳೆಯ ವೃತ್ತಿ ಇಲ್ಲಿ ಕೈಹಿಡಿಯಿತು. ಯಾವ ಸರ ಯಾವತ್ತು ಹೋಯಿತು, ಅದರ ಕಪ್ಪು ಯಾವ ಕಟ್ಟಿನದು ಅಂತ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿದ್ದರು. 61 ಸರಗಳಲ್ಲಿ ಹೊಂದದ ಕಪ್ಪು ಇದ್ದದ್ದು 43ರಲ್ಲಿ. ಆ ಪುಸ್ತಕ ಇಲ್ಲದಿದ್ದರೆ 61 ಮನೆಗೂ ಹೆದರಿಕೆ ಕಳಿಸಬೇಕಾಗುತ್ತಿತ್ತು. ಬೇರೆ ಮಣಿ ಮಾಡುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ: ಕಟ್ಟಿಗೊಂದು ನಂಬರ್ ಹಾಕಿ ಬರೆದಿಡಿ.

ಮೆಸೇಜ್ ಕಳಿಸದೆ ಫೋನ್ ಮಾಡಿದರು. ಧಾರವಾಡದ ಪಾಠ ಅದು. 38 ಜನ ಸಿಕ್ಕರು, 5 ಜನ ಸಿಗಲೇ ಇಲ್ಲ. ಸಿಕ್ಕವರಲ್ಲಿ 21 ಜನ ಬದಲಿ ಸರ ತೆಗೆದುಕೊಂಡರು. 8 ಜನ ದುಡ್ಡು ವಾಪಸ್ ಕೇಳಿದರು. 9 ಜನ “ನಮ್ಮದು ಚೆನ್ನಾಗಿಯೇ ಇದೆ” ಅಂತ ಇಟ್ಟುಕೊಂಡರು, ಅವರಲ್ಲಿ ಇಬ್ಬರು ಆಮೇಲೆ ತಾವೇ ಫೋನ್ ಮಾಡಿದರು. ವಾಪಸ್ ಬಂದ 29 ಸರಗಳನ್ನು ಭೂತಗನ್ನಡಿಯಲ್ಲಿ ನೋಡಿದಾಗ 12ರಲ್ಲಿ ಕೂದಲಿನಂಥ ಸೀಳು ಆಗಲೇ ಇತ್ತು, ತೊಟ್ಟವರಿಗೆ ಗೊತ್ತಿರಲಿಲ್ಲ. ಒಟ್ಟು ಖರ್ಚು 28 ಸಾವಿರ ದಾಟಿತು. ಅವರಿಗೆ ಅದು ಮೂರು ತಿಂಗಳ ಲಾಭ. ಒಬ್ಬರು ಸಿಕ್ಕಾಪಟ್ಟೆ ಬೈದರು. ಹಲವರು, ಇಂಥ ಫೋನ್ ಯಾರೂ ಮಾಡುವುದಿಲ್ಲ ಅಂತ ಆಶ್ಚರ್ಯಪಟ್ಟರು. ಆದರೂ ಮುಂದಿನ ಎರಡು ತಿಂಗಳು ಆರ್ಡರ್ ಅರ್ಧಕ್ಕಿಳಿದದ್ದು ನಿಜ. ಒಳ್ಳೆಯತನಕ್ಕೆ ತಕ್ಷಣ ಫಲ ಸಿಕ್ಕಿತು ಅಂತ ನಾನು ಬರೆದರೆ ಅದು ಸುಳ್ಳಾಗುತ್ತದೆ.

ಈಗ ಹೇಗೆ ಮಾಡುತ್ತಾರೆ

ಒಂದು ಮಣಿಯಲ್ಲಿ ಒಂದೇ ಕುಟುಂಬದ ಗಾಜು, ಅದೂ ಎಳೆ ಎಳೆದು ನೋಡಿದ ಮೇಲೆ. ಅನೀಲಿಂಗ್ ನನ್ನ ಕಿಲ್ನಿನಲ್ಲೇ, ವಾರಕ್ಕೊಮ್ಮೆ.

ಕಪ್ಪು ಮಣಿಯ ಇನ್ನೊಂದು ತೊಡಕೆಂದರೆ ಒಳಗಿನದು ಕಾಣುವುದಿಲ್ಲ. ಅದಕ್ಕೆ ಪ್ರತಿ ಸಲವೂ ಅದೇ ದಪ್ಪದ ಒಂದು ಪಾರದರ್ಶಕ ಮಣಿಯನ್ನು ಜೊತೆಗೆ ಇಡುತ್ತಾರೆ. ನಾವು ಅದಕ್ಕೆ ಸಾಕ್ಷಿ ಮಣಿ ಅನ್ನುತ್ತೇವೆ. ಲ್ಯಾಪ್‌ಟಾಪಿನ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನು ಅದರ ಮುಂದೆ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಪರದೆ ಕಪ್ಪಾಗುತ್ತದೆ. ಆಗ ನಡುವೆ ಸಾಕ್ಷಿ ಮಣಿ ಹಿಡಿಯಬೇಕು. ಒಳಗೆ ಒತ್ತಡ ಉಳಿದಿದ್ದರೆ ಅಲ್ಲಲ್ಲಿ ಬೆಳಕು ಮೂಡುತ್ತದೆ. ಇಲ್ಲದಿದ್ದರೆ ಮಣಿ ಕತ್ತಲಲ್ಲೇ ಇರುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಹಿಡಿಯಬೇಡಿ, ಡಬ್ಬಿಯೇ ಕಾಮನಬಿಲ್ಲಾಗಿ ಕಣ್ಣು ಕೆಡಿಸುತ್ತದೆ. ಈ ಸಾಕ್ಷಿ ಅನೀಲಿಂಗ್ ಸರಿಯಾಯಿತೇ ಅನ್ನುವುದನ್ನು ಮಾತ್ರ ಹೇಳುತ್ತದೆ. ಎರಡು ಗಾಜು ಹೊಂದುತ್ತವೆಯೇ ಅನ್ನುವುದಕ್ಕೆ ಎಳೆಯೇ ಬೇಕು. ಬಾಗಿದ ಆ ಮೊದಲ ಎಳೆಯನ್ನು ಟಾರ್ಚಿನ ಎದುರಿನ ಗೋಡೆಗೆ ಟೇಪ್ ಹಾಕಿ ಅಂಟಿಸಿದ್ದಾರೆ.

ಚುಕ್ಕಿಯ ಕರಿಮಣಿ ನಿಂತಿಲ್ಲ. ಚುಕ್ಕಿ ಚಿಕ್ಕದಾಗಿದೆ, ಮಣಿ 8 ಮಿಲಿಮೀಟರಿಗೆ ಇಳಿದಿದೆ, ಬೆಲೆ ಏರಿದೆ. ಪ್ರತಿ ಡಬ್ಬಿಯಲ್ಲೂ ಒಂದು ಬಿಡಿ ಮಣಿಯನ್ನು ಕಾಗದದಲ್ಲಿ ಮಡಚಿ ಇಡುತ್ತಾರೆ, ಇದ್ದರೆ ಇರಲಿ ಅಂತ.

ಹೋದ ಶ್ರಾವಣದಲ್ಲಿ ಧಾರವಾಡದ ಆ ತಾಯಿ ತಂಗಿಯ ಮಗಳಿಗೆ ಅಂತ ಹೊಸ ಸರ ತರಿಸಿದರು. ತಲುಪಿದ ದಿನ ಸಂಜೆ ಮೆಸೇಜ್ ಬಂತು: “ಅಕ್ಕಾರ, ಒಂದು ಮಣಿ ಹೆಚ್ಚಾಗೇತ್ರಿ.” ಮಣಿಯಕ್ಕ ಕೈಯಲ್ಲಿದ್ದ ಕಡ್ಡಿಯನ್ನು ಹಾಗೇ ಕಂಬಳಿಗೆ ತೂರಿಸಿ, ಟಾರ್ಚ್ ಆರಿಸಿ, ನಡುಗುವ ಕೈಯಲ್ಲಿ ಫೋನ್ ಮಾಡಿದರು.

“ಎಲ್ಲಿ ಸೀಳಿದೆ ಅಮ್ಮ? ಚುಕ್ಕಿ ಹತ್ತಿರವಾ?”

ಆ ಕಡೆ ನಗು. “ಇಲ್ಲ ತಂಗಿ, ಖರೇನ ಹೆಚ್ಚಿಗಿ ಐತಿ. ಕಾಗದದಾಗ ಸುತ್ತೀರಲ್ಲ, ಅದು.”